ಅಪ್ಪನ ಹಳೇ ಟೈಪ್‌ರೈಟರಲ್ಲಿ ಮಗಳಿಗೆ ಟೈಪಿಂಗ್ ಕಲಿಸ್ಬೇಕು, ನೀವೆಲ್ಲ ಹೇಗೆ ಕಲಿತ್ರಿ ಹೇಳಿ

ಸಿರಿ_ಶ್ರೀನಗರ

ಎಲ್ರಿಗೂ ನಮಸ್ಕಾರ. ಇಲ್ಲಿ ಹಳೇ ಬೆಂಗಳೂರಿನವ್ರು ಜಾಸ್ತಿ ಇದೀರಲ್ಲ, ಅದಕ್ಕೇ ಇಲ್ಲಿ ಕೇಳ್ತಿದೀನಿ. ನಮ್ಮಪ್ಪಂದೊಂದು ಇಂಗ್ಲಿಷ್ ಟೈಪ್‌ರೈಟರ್ ಇದೆ, ರೆಮಿಂಗ್ಟನ್ ಪೋರ್ಟಬಲ್ಲು, ಹನುಮಂತನಗರದ ಮನೆ ಅಟ್ಟದ ಮೇಲಿತ್ತು, ಈಗ ನಮ್ಮನೆಗೆ ಬಂದಿದೆ. ನನ್ನ ಮಗಳು ಎಂಟನೇ ಕ್ಲಾಸು. ಅದು ಮನೆಗೆ ಬಂದಾಗಿಂದ ಅವಳು ಅದನ್ನ ಬಿಟ್ಟಿಲ್ಲ, ಸ್ಕೂಲಿಂದ ಬಂದು ಬ್ಯಾಗ್ ಇಟ್ಟು ಸೀದಾ ಅದರ ಮುಂದೆ ಕೂರ್ತಾಳೆ, ಆದ್ರೆ ಎರಡೇ ಬೆರಳಲ್ಲಿ ಕುಟ್ಟೋದು, ಒಂದೊಂದು ಅಕ್ಷರನೂ ಹುಡುಕ್ಕೊಂಡು. ಸರಿಯಾಗಿ ಎಲ್ಲಾ ಬೆರಳಲ್ಲೂ ಕೀ ನೋಡ್ದೆ ಹೊಡೆಯೋದು ಕಲಿಸ್ಬೇಕು ಅಂತ ನನಗೆ ತುಂಬಾ ಆಸೆ.

ನಾನೂ ಒಂದಿಷ್ಟು ಕಲಿತಿದ್ದೆ. ನಮ್ಮ ಹೈಸ್ಕೂಲಲ್ಲಿ ವರ್ಕ್ ಎಕ್ಸ್‌ಪೀರಿಯೆನ್ಸ್ ಅಂತ ಪೀರಿಯಡ್ ಇರ್ತಿತ್ತು, ಹೊಲಿಗೆ ಇಲ್ಲಾಂದ್ರೆ ಟೈಪಿಂಗ್. ಟೈಪಿಂಗ್ ರೂಮು ಮಹಡಿ ಮೇಲೆ ಮೂಲೇಲಿ, ಮೆಷಿನ್ ಕಮ್ಮಿ ಇದ್ದಿದ್ರಿಂದ ಒಂದೊಂದಕ್ಕೂ ಇಬ್ಬಿಬ್ಬರು ಹುಡುಗೀರು, ಒಬ್ಬಳು ಹೊಡೀತಿದ್ರೆ ಇನ್ನೊಬ್ಬಳು ಪಕ್ಕದಲ್ಲಿ ನಿಂತ್ಕೊಂಡು ಅವಳ ಬೆರಳು ಸರಿ ಕೀ ಮೇಲೆ ಬೀಳ್ತಿದೆಯಾ ಅಂತ ನೋಡ್ತಿರ್ಬೇಕು. ನನಗೆ ಆ ನಿಂತ್ಕೊಂಡು ನೋಡೋದೂ ಇಷ್ಟ ಆಗ್ತಿತ್ತು. ಆದ್ರೆ ಹತ್ತನೇ ಕ್ಲಾಸಿಗೆ ಬಂದ ತಕ್ಷಣ ಆ ಪೀರಿಯಡ್ಡು ಮ್ಯಾಥ್ಸ್‌ಗೆ ಹೋಯ್ತು, ಅಲ್ಲಿಗೆ ನಿಂತೋಯ್ತು.

ಈಗ ನನಗೆ ಬೇಕಾಗಿರೋದು ಏನಂದ್ರೆ ನೀವು ಇನ್‌ಸ್ಟಿಟ್ಯೂಟಲ್ಲೋ ಸ್ಕೂಲಲ್ಲೋ ಕಲಿತಾಗ ಮೊದಲ ದಿನದಿಂದ ಯಾವ ಕ್ರಮದಲ್ಲಿ ಹೇಳ್ಕೊಟ್ರು, ಮಗುಗೆ ಈ ಮೆಷಿನಲ್ಲೇ ಕಲಿಸಿದ್ರೆ ಆಮೇಲೆ ಕಂಪ್ಯೂಟರಿಗೆ ಉಪಯೋಗ ಆಗುತ್ತಾ, ಮತ್ತೆ ರಿಬ್ಬನ್, ಅಂದ್ರೆ ಆ ಇಂಕಿನ ಪಟ್ಟಿ, ಈಗ ಎಲ್ಲಾದ್ರೂ ಸಿಗುತ್ತಾ, ಈಗಿರೋದು ಪೂರ್ತಿ ಒಣಗಿಹೋಗಿದೆ. ಇನ್ನೊಂದು, ಮಗಳು ಕೇಳ್ತಿದಾಳೆ ಅಕ್ಷರಗಳು ಎಬಿಸಿಡಿ ಪ್ರಕಾರ ಯಾಕಿಲ್ಲ ಅಂತ. ನಿಮ್ಮ ಮೊದಲ ಮೆಷಿನ್ ಯಾವ್ದು, ಅದರ ನೆನಪೂ ಹಂಚ್ಕೊಳ್ಳಿ, ಅವಳಿಗೆ ಓದಿ ಹೇಳ್ತೀನಿ.

ಎಮ್ಮೆಸ್_ಬಿಲ್ಡಿಂಗ್_ನಿವೃತ್ತ

ಖಂಡಿತ ಕಲಿಸಿ ಸಿರಿ ಅವ್ರೇ, ಎಂಟನೇ ಕ್ಲಾಸು ಒಳ್ಳೇ ವಯಸ್ಸು, ಬೆರಳು ಬಾಗುತ್ತೆ, ಮಾತೂ ಕೇಳುತ್ತೆ.

ನಾನು ಕಲಿತಿದ್ದು ಚಾಮರಾಜಪೇಟೇಲಿ, 1978ರ ಬೇಸಿಗೇಲಿ. ಆಗೆಲ್ಲ ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆದು ರಿಸಲ್ಟ್ ಬರೋವರೆಗೂ ಹುಡುಗ್ರು ಮನೇಲಿ ಕೂರೋ ಹಾಗೇ ಇರ್ಲಿಲ್ಲ, ಸೀದಾ ಟೈಪಿಂಗ್‌ಗೆ ಸೇರಿಸ್ಬಿಡೋರು. ಎಚ್ಎಂಟಿ, ಐಟಿಐ, ಬಿಇಎಲ್, ಎಚ್ಎಎಲ್ ಥರದ ಸರ್ಕಾರಿ ಕಾರ್ಖಾನೆಗಳು, ಸರ್ಕಾರದ ಲೆಕ್ಕ ನೋಡೋ ಎಜೀಸ್ ಆಫೀಸು, ಬ್ಯಾಂಕುಗಳು, ಎಲ್ಲಾ ಕಡೆ ಟೈಪಿಸ್ಟ್ ಬೇಕಿತ್ತು, ಟೈಪಿಂಗಲ್ಲಿ ಸೀನಿಯರ್ ಪರೀಕ್ಷೆ ಪಾಸ್ ಮಾಡ್ಕೊಂಡ್ಬಿಟ್ರೆ ಹುಡುಗ ಒಂದು ದಡ ಸೇರ್ದ ಅಂತ ಅಪ್ಪ ಅಮ್ಮಂದ್ರಿಗೆ ಸಮಾಧಾನ. ಬೆಳಿಗ್ಗೆ ಆರಕ್ಕೆ ಮೊದಲ ಬ್ಯಾಚು. ರಸ್ತೆ ತಿರುವಲ್ಲಿ ಬರೋವಾಗ್ಲೇ ಸದ್ದು ಕೇಳ್ಸೋದು, ಅಷ್ಟೂ ಮೆಷಿನ್ ಒಟ್ಟಿಗೆ ಓಡ್ತಿರೋ ಸದ್ದು, ಅದನ್ನ ಕೇಳ್ದಾಗ ಕಾಲು ತಾನಾಗೇ ಬೇಗ ಬೇಗ ಹೋಗೋದು.

ಮೊದಲ ಪಾಠ ಒಂದೇ ಸಾಲು. ಎಡಗೈ ಎ ಎಸ್ ಡಿ ಎಫ್ ಜಿ ಎಫ್, ಸ್ಪೇಸ್, ಬಲಗೈ ಸೆಮಿಕೋಲನ್ ಎಲ್ ಕೆ ಜೆ ಎಚ್ ಜೆ, ಸ್ಪೇಸ್. ಇಷ್ಟೇ. ಇದನ್ನೇ ಹಾಳೆ ತುಂಬ, ಮಾರನೇ ದಿನನೂ ಅದೇ, ಅದರ ಮಾರನೇ ದಿನನೂ ಅದೇ. ಹೊಡೆಯೋ ಅಕ್ಷರನ ಬಾಯಲ್ಲಿ ಹೇಳ್ಕೊಂಡೇ ಹೊಡೀಬೇಕು. ಎಡಗೈ ಕಿರುಬೆರಳು ಎ ಮೇಲೆ, ಬಲಗೈ ಕಿರುಬೆರಳು ಸೆಮಿಕೋಲನ್ ಮೇಲೆ, ಎರಡು ತೋರುಬೆರಳು ಎಫ್ ಮತ್ತೆ ಜೆ ಮೇಲೆ, ಜಿ ಗೆ ಮತ್ತೆ ಎಚ್ ಗೆ ತೋರುಬೆರಳೇ ಪಕ್ಕಕ್ಕೆ ಹೋಗಿ ವಾಪಸ್ ಮನೆಗೆ ಬರ್ಬೇಕು. ಹೆಬ್ಬೆರಳು ಸ್ಪೇಸ್ ಬಾರಿಗೆ. ಈ ವಾಪಸ್ ಬರೋದಿದೆಯಲ್ಲ, ಇಡೀ ವಿದ್ಯೆ ಇರೋದೇ ಅದ್ರಲ್ಲಿ. ಮೇಲಿನ ಸಾಲಿಗೆ ಹೋಗ್ಲಿ, ಕೆಳಗಿನ ಸಾಲಿಗೆ ಹೋಗ್ಲಿ, ಬೆರಳು ತನ್ನ ಜಾಗಕ್ಕೆ ಬಂದ್ರೆ ಮಾತ್ರ ಮುಂದಿನ ಅಕ್ಷರಕ್ಕೆ ಕಣ್ಣು ಬೇಡ.

ನಮ್ಮ ಮೇಷ್ಟ್ರು ಹಾಳೆ ಎತ್ತಿ ಕಿಟಕಿ ಬೆಳಕಿಗೆ ಹಿಡಿದು ನೋಡೋರು. ಎಫ್ ಜೆ ಕಪ್ಪಗೆ ಬಿದ್ದಿರೋದು, ಎ ಮಾತ್ರ ತಿಳಿ ಬೂದಿ ಬಣ್ಣ, ಯಾಕಂದ್ರೆ ಕಿರುಬೆರಳಿಗೆ ಬಲ ಇಲ್ಲ. ಹಾಳೆ ನೋಡೇ ಯಾವ ಬೆರಳು ಸೋಮಾರಿ ಅಂತ ಹೇಳ್ಬಿಡೋರು. ಎಷ್ಟೋ ಸಲ ಹಾಳೆನೂ ನೋಡ್ತಿರ್ಲಿಲ್ಲ, ಬೆನ್ನು ತಿರುಗಿಸ್ಕೊಂಡು ನಿಂತಿದ್ರೂ ಸದ್ದಲ್ಲೇ ಗೊತ್ತಾಗೋದು, "ಮೂರನೇ ಮೆಷಿನ್, ಎ ಗಟ್ಟಿ ಹೊಡಿ" ಅನ್ನೋರು. ನಿಮ್ಮ ಮಗಳಿಗೂ ಇದನ್ನೇ ನೋಡಿ, ವೇಗ ನೋಡ್ಬೇಡಿ, ಎಲ್ಲಾ ಅಕ್ಷರ ಒಂದೇ ಸಮ ಕಪ್ಪಗೆ ಬೀಳ್ತಿದೆಯಾ, ಸದ್ದು ಒಂದೇ ತಾಳದಲ್ಲಿ ಬರ್ತಿದೆಯಾ ಅಷ್ಟೇ ನೋಡಿ. ತಾಳ ಬಂದ್ರೆ ವೇಗ ಹಿಂದೇನೇ ಬರುತ್ತೆ.

ಮಧ್ಯದ ಸಾಲು ಬೆರಳಿಗೆ ಕೂತ ಮೇಲೆ ಮೇಲಿನ ಸಾಲು, ಆಮೇಲೆ ಕೆಳಗಿನದು, ಅದು ಕಷ್ಟ. ಆಮೇಲೆ ಸಣ್ಣ ಸಣ್ಣ ಪದ, ಆಮೇಲೆ ದಿ ಕ್ವಿಕ್ ಬ್ರೌನ್ ಫಾಕ್ಸ್ ಜಂಪ್ಸ್ ಓವರ್ ದಿ ಲೇಜಿ ಡಾಗ್, ಇದ್ರಲ್ಲಿ 26 ಅಕ್ಷರನೂ ಬರುತ್ತೆ. ಅಂಕಿ ಎಲ್ಲಕ್ಕಿಂತ ಕೊನೆಗೆ. ನಿಮ್ಮ ಮೆಷಿನಲ್ಲಿ 1 ಅನ್ನೋ ಕೀ ಇದೆಯಾ ನೋಡಿ, ಎಷ್ಟೋ ಹಳೇ ಮೆಷಿನಲ್ಲಿ ಇರಲ್ಲ, ಸಣ್ಣ ಎಲ್ ಹೊಡೀಬೇಕು. ಆಶ್ಚರ್ಯ ಚಿಹ್ನೆ ಇಲ್ದಿದ್ರೆ ಮೇಲೊಂದು ಅಪಾಸ್ಟ್ರಫಿ ಹೊಡೆದು ಬ್ಯಾಕ್‌ಸ್ಪೇಸ್ ಮಾಡಿ ಅದರ ಕೆಳಗೆ ಫುಲ್‌ಸ್ಟಾಪ್ ಇಡೋದು. ಹೆಡಿಂಗ್ ಮಧ್ಯಕ್ಕೆ ಬರ್ಬೇಕಾದ್ರೆ, ಹಾಳೆ ಹಿಡ್ಕೊಂಡು ಪಕ್ಕಕ್ಕೆ ಓಡೋ ಕ್ಯಾರೇಜ್‌ನ ಹಾಳೆ ನಡುವಿಗೆ ತಂದು, ಹೆಡಿಂಗ್‌ನ ಮನಸ್ಸಲ್ಲೇ ಹೇಳ್ಕೊಂಡು ಪ್ರತಿ ಎರಡು ಅಕ್ಷರಕ್ಕೆ ಒಂದು ಸಲ ಬ್ಯಾಕ್‌ಸ್ಪೇಸ್ ಒತ್ತಿ, ಎಲ್ಲಿ ನಿಲ್ಲುತ್ತೋ ಅಲ್ಲಿಂದ ಶುರು. ಈ ಕೆಲ್ಸ ಮಕ್ಕಳಿಗೆ ಬಹಳ ಖುಷಿ ಕೊಡುತ್ತೆ, ಕೊಟ್ಟು ನೋಡಿ.

ಬೆಲ್ ಬಗ್ಗೆನೂ ಹೇಳಿ ಅವಳಿಗೆ. ಸಾಲು ಮುಗಿಯೋಕೆ ಕೆಲವು ಅಕ್ಷರ ಇರೋವಾಗ್ಲೇ ಬೆಲ್ ಹೊಡಿಯುತ್ತೆ, ಕೈಲಿರೋ ಪದ ಮುಗಿಸು ಇಲ್ಲಾ ಹೈಫನ್ ಹಾಕಿ ಒಡಿ ಅಂತ. ಮುಂದಿನ ಸಾಲಿಗೆ ಹೋಗೋಕೆ ಎಡಗೈಯಿಂದ ಲಿವರ್ ತಳ್ಳೋವಾಗ್ಲೂ ಕಣ್ಣು ಬಲಗಡೆ ಇಟ್ಟಿರೋ ಪುಸ್ತಕದ ಮೇಲೇ ಇರ್ಬೇಕು.

ಇನ್ನು ಎಬಿಸಿಡಿ ವಿಷ್ಯ. ಅಮೆರಿಕಾದಲ್ಲಿ ಕ್ರಿಸ್ಟೋಫರ್ ಶೋಲ್ಸ್ ಅನ್ನೋರು ಮತ್ತೆ ಅವರ ಜೊತೆಗಾರರು ಈ ಮೆಷಿನ್ ಮಾಡೋವಾಗ ಮೊದ್ಲು ಎಬಿಸಿಡಿ ಪ್ರಕಾರವೇ ಜೋಡಿಸಿದ್ರು, ಆಮೇಲೆ ಬದಲಾಯಿಸ್ತಾ ಬದಲಾಯಿಸ್ತಾ ಈಗಿನ ರೂಪಕ್ಕೆ ಬಂತು. ಅಕ್ಷರದ ಕಡ್ಡಿಗಳು ಒಂದಕ್ಕೊಂದು ಸಿಕ್ಕಾಕ್ಕೊಳ್ದೇ ಇರ್ಲಿ ಅಂತ ಹಾಗೆ ಮಾಡಿದ್ರು ಅನ್ನೋದು ಎಲ್ರೂ ಹೇಳೋ ಕಾರಣ. ರೆಮಿಂಗ್ಟನ್ ಕಂಪನಿ 1874ರಲ್ಲಿ ಮಾರೋಕೆ ಶುರು ಮಾಡ್ತು, ಆ ಮೊದಲ ಮೆಷಿನಲ್ಲಿ ಬರೀ ಕ್ಯಾಪಿಟಲ್ ಅಕ್ಷರ, ಶಿಫ್ಟ್ ಒತ್ತಿ ದೊಡ್ಡದು ಚಿಕ್ಕದು ಎರಡೂ ಹೊಡೆಯೋದು ಬಂದಿದ್ದು 1878ರಲ್ಲಿ. ಮಗಳಿಗೆ ಮಧ್ಯದ ಸಾಲು ತೋರ್ಸಿ, ಡಿ ಎಫ್ ಜಿ ಎಚ್ ಜೆ ಕೆ ಎಲ್ ಅಂತ ಇದೆಯಲ್ಲ, ಹಳೇ ಎಬಿಸಿಡಿ ಜೋಡಣೆಯ ಗುರುತು ಅಲ್ಲಿ ಇನ್ನೂ ಉಳ್ಕೊಂಡಿದೆ.

ನನ್ನ ಮೊದಲ ಮೆಷಿನ್ ಕೇಳಿದ್ರಲ್ಲ, ಅದು ಗೋದ್ರೆಜ್. ನಮ್ಮ ದೇಶದಲ್ಲೇ ಮಾಡಿದ ಟೈಪ್‌ರೈಟರ್ ಅಂತ 1955ರಲ್ಲಿ ಅವರು ತಂದಿದ್ದು ಆಗಿನ ಕಾಲಕ್ಕೆ ಸಣ್ಣ ಮಾತಲ್ಲ. 2011ರಲ್ಲಿ ಗೋದ್ರೆಜ್‌ನವರು ಟೈಪ್‌ರೈಟರ್ ಮಾಡೋದು ನಿಲ್ಲಿಸಿದ್ರು ಅಂತ ಪೇಪರಲ್ಲೆಲ್ಲ ಬಂದಾಗ ನಮ್ಮ ಸೆಕ್ಷನ್ನಲ್ಲಿ ಅವತ್ತೆಲ್ಲ ಅದೇ ಮಾತು.

ಸ್ಟೆನೋ_ಅಕ್ಕ

ಸಾರ್ ಇಂಗ್ಲಿಷಿಂದು ಚೆನ್ನಾಗಿ ಹೇಳಿದ್ರು. ನಾನು ಕನ್ನಡ ಮೆಷಿನ್ ಬಗ್ಗೆ ಹೇಳ್ತೀನಿ, ಯಾಕಂದ್ರೆ ಅದನ್ನ ಯಾರೂ ಬರೆದಿಡ್ತಿಲ್ಲ, ಆ ಮೆಷಿನ್ನಲ್ಲಿ ಕೆಲ್ಸ ಮಾಡ್ದೋರು ಒಬ್ಬೊಬ್ಬರೇ ರಿಟೈರ್ ಆಗ್ತಿದೀವಿ.

ನಾನು ಎಂಬತ್ತರ ದಶಕದಲ್ಲಿ ಕಮರ್ಷಿಯಲ್ ಪ್ರಾಕ್ಟೀಸ್ ಡಿಪ್ಲೊಮಾ ಮಾಡ್ದವಳು. ಗೋಕಾಕ್ ಚಳವಳಿ ಆಗಿ ಸ್ವಲ್ಪ ವರ್ಷ ಆಗಿತ್ತು, ಇನ್ಮೇಲೆ ಆಫೀಸಲ್ಲೆಲ್ಲ ಕನ್ನಡನೇ, ಇಂಗ್ಲಿಷ್ ಜೊತೆಗೆ ಕನ್ನಡ ಟೈಪಿಂಗೂ ಮಾಡ್ಕೋ ಅಂತ ನಮ್ಮಣ್ಣ ಹೇಳ್ದ. ಆ ಮಾತೇ ನನಗೆ ಕೋರ್ಟಲ್ಲಿ ಕೆಲ್ಸ ಕೊಡಿಸ್ತು.

ನೋಡಿ, ಇಂಗ್ಲಿಷ್‌ಗೆ 26 ಅಕ್ಷರ, ಮೆಷಿನ್ ಆರಾಮಾಗಿ ಹೊತ್ಕೊಳ್ಳುತ್ತೆ. ನಮಗೆ 34 ವ್ಯಂಜನ, ಪ್ರತಿಯೊಂದಕ್ಕೂ ಗುಣಿತ, ಅದರ ಮೇಲೆ ಒತ್ತು. ಕೀ ಮಾತ್ರ ಅಷ್ಟೇ, ಶಿಫ್ಟ್ ಸೇರಿಸಿದ್ರೂ ತೊಂಬತ್ತು ಚಿಲ್ರೆ ಗುರುತು. ಅಷ್ಟರಲ್ಲೇ ಇಡೀ ಕನ್ನಡ ಕೂರಿಸ್ಬೇಕು. ಅಕ್ಷರನ ತುಂಡು ತುಂಡು ಮಾಡಿ ಒಂದರ ಪಕ್ಕ ಒಂದು, ಒಂದರ ಕೆಳಗೆ ಒಂದು ಇಟ್ಟು ಅದನ್ನ ಸಾಧ್ಯ ಮಾಡಿದಾರೆ. ಕನ್ನಡ ಟೈಪ್‌ರೈಟರ್‌ನ ಕೀಲಿಮಣೆ ರೂಪಿಸಿದವರು ಅನಂತಸುಬ್ಬರಾಯರು, ಕಲಿಯೋವಾಗ ನಮಗೆ ಆ ಹೆಸರು ಯಾರೂ ಹೇಳಿರ್ಲಿಲ್ಲ, ಎಷ್ಟೋ ವರ್ಷ ಆದ್ಮೇಲೆ ತಿಳೀತು. ನಾವು ದಿನಾ ಅನ್ನ ತಿಂದಿದ್ದು ಆ ಜೋಡಣೆ ಮೇಲೆ, ಅದಕ್ಕೇ ಹೆಸರು ಹೇಳ್ತಿದೀನಿ.

ಕೆಲವು ಕೀ ಒತ್ತಿದ್ರೆ ಕ್ಯಾರೇಜ್ ಮುಂದಕ್ಕೆ ಹೋಗಲ್ಲ, ಡೆಡ್ ಕೀ ಅಂತಿದ್ವಿ, ಗುರುತು ಬಿದ್ದು ಅದೇ ಜಾಗದಲ್ಲಿ ನಿಂತಿರುತ್ತೆ, ಮುಂದಿನ ಕೀ ಬಂದು ಅದರ ಜೊತೆ ಸೇರುತ್ತೆ. ಹಾಗಾಗಿ ಕನ್ನಡದಲ್ಲಿ ತಾಳ ಇಂಗ್ಲಿಷಿನ ಥರ ಒಂದೇ ಸಮ ಇರಲ್ಲ. ಇಂಗ್ಲಿಷ್ ಮೆಷಿನ್ ಟಕ ಟಕ ಟಕ ಅಂತ ಹೋಗ್ತಿರುತ್ತೆ, ಕನ್ನಡದ್ದು ಮಧ್ಯೆ ಮಧ್ಯೆ ಉಸಿರು ತಗೊಂಡು ಹೋಗುತ್ತೆ. ಪಕ್ಕದ ರೂಮಲ್ಲಿ ಕೂತಿದ್ರೂ ಇದು ಕನ್ನಡ ಮೆಷಿನ್ ಅಂತ ಕಿವಿಗೆ ಗೊತ್ತಾಗ್ಬಿಡೋದು. ಪರೀಕ್ಷೆ ನಡೆಸ್ತಿದ್ದಿದ್ದು ಪ್ರೌಢಶಿಕ್ಷಣ ಪರೀಕ್ಷಾ ಮಂಡಳಿ, ಜೂನಿಯರ್, ಸೀನಿಯರ್, ಪ್ರೊಫಿಷಿಯೆನ್ಸಿ ಅಂತ. ಸೆಂಟರಿಗೆ ನಮ್ಮ ಮೆಷಿನ್ ನಾವೇ ತಗೊಂಡ್ಹೋಗ್ಬೇಕು, ಇಬ್ಬಿಬ್ಬರು ಸೇರಿ ಆಟೋದಲ್ಲಿ ಕಾಲ ಮೇಲೆ ಇಟ್ಕೊಂಡು, ಹಳ್ಳ ಬಂದಾಗೆಲ್ಲ ಕ್ಯಾರೇಜ್ ಅಲ್ಲಾಡದ ಹಾಗೆ ಕೈಲಿ ಹಿಡ್ಕೊಂಡು ಹೋಗ್ತಿದ್ವಿ. ದಿನಾ ಕೂರೋ ಮೆಷಿನ್ನೇ ಬೇಕು, ಬೇರೆಯವ್ರದ್ರಲ್ಲಿ ಕೈ ಓಡಲ್ಲ.

ಸ್ಟೆನ್ಸಿಲ್ ಕಟ್ ಮಾಡೋದು ನನಗೆ ಎಲ್ಲಕ್ಕಿಂತ ಇಷ್ಟವಾದ ಕೆಲ್ಸ. ಮೇಣದ ಹಾಳೆ ಹಾಕಿ, ರಿಬ್ಬನ್ ಮೇಲೇಳದ ಹಾಗೆ ಆ ಪುಟ್ಟ ಲಿವರ್ ಬಿಳಿ ಗುರುತಿಗೆ ಇಟ್ಟು, ಬರಿ ಅಚ್ಚಿಂದಲೇ ಹೊಡೆಯೋದು. ಅಚ್ಚು ಮೇಣನ ಸೀಳಿ ಅಕ್ಷರದ ಗೆರೆ ಬಿಡುತ್ತೆ, ಆ ಗೆರೇಲಿ ಇಂಕು ಇಳಿದು ಸೈಕ್ಲೋಸ್ಟೈಲ್ ಮೆಷಿನಲ್ಲಿ ನೂರಾರು ಕಾಪಿ ಬರುತ್ತೆ. ಮೆಲ್ಲಗೆ ಹೊಡೆದ್ರೆ ಕಾಪಿ ಮಾಸಲು, ಜೋರಾಗಿ ಹೊಡೆದ್ರೆ ಇಂಗ್ಲಿಷ್ ಓ ಒಳಗಿನ ಚೂರು ಕಳಚಿ ಬಿದ್ದು ಕಾಪೀಲೆಲ್ಲ ಕಪ್ಪು ಬೊಟ್ಟು. ಕನ್ನಡದಲ್ಲಂತೂ ಎಲ್ಲಾ ಅಕ್ಷರನೂ ಗುಂಡಗೇ ಅಲ್ವಾ, ಠ, ರ, ದ, ಯಾವ್ದಕ್ಕೆ ಎಷ್ಟು ಬಲ ಅಂತ ಬೆರಳಿಗೇ ಗೊತ್ತಿರ್ಬೇಕು. ಸ್ಟೇಟ್‌ಮೆಂಟ್‌ನ ಕಾಲಂಗಳೋ, ರಂಗೋಲಿಗೆ ಚುಕ್ಕಿ ಇಟ್ಟ ಹಾಗೆ ಮೊದ್ಲೇ ಲೆಕ್ಕ ಹಾಕಿ ಟ್ಯಾಬ್ ಇಟ್ಕೊಂಡ್ರೆ ಮಾತ್ರ ನೇರ ಬರೋದು.

ಕೋರ್ಟಲ್ಲಿ ಸಾಕ್ಷಿ ಹೇಳ್ತಿರ್ತಾರೆ, ಜಡ್ಜ್ ಸಾಹೇಬ್ರು ಹೇಳಿ ಬರೆಸ್ತಿರ್ತಾರೆ, ನಾವು ಅಲ್ಲೇ ಹೊಡೀತಾ ಇರ್ಬೇಕು, ಕೆಳಗೆ ಮೂರೋ ನಾಲ್ಕೋ ಕಾರ್ಬನ್. ಒಂದು ಅಕ್ಷರ ತಿದ್ಬೇಕಂದ್ರೆ ಪ್ರತಿ ಕಾರ್ಬನ್ ಹಿಂದೆ ಒಂದೊಂದು ಚೀಟಿ ಸಿಗಿಸಿ ಪ್ರತಿ ಕಾಪೀನೂ ಬೇರೆ ಬೇರೆ ಉಜ್ಜಬೇಕು, ಸಾಕ್ಷಿ ಅಷ್ಟು ಹೊತ್ತು ಕಾಯಲ್ಲ. ಹಾಗಾಗಿ ಕೇಳಿಸ್ಕೊಳ್ಳೋದನ್ನ ಪೂರ್ತಿ ಕೇಳಿಸ್ಕೊಂಡು ಆಮೇಲೆ ಬೆರಳು ಇಡೋ ಅಭ್ಯಾಸ ನಮಗೆ ಬಂತು. ಸಿರಿ, ಮಗಳಿಗೆ ನೀವೇ ಕನ್ನಡ ಪಾಠದ ಪುಸ್ತಕದಿಂದ ನಾಲ್ಕು ಸಾಲು ಓದಿ, ಅವಳು ಅದನ್ನ ಕೇಳಿ ಇಂಗ್ಲಿಷಲ್ಲಿ ಸಾರಾಂಶ ಹೊಡೀಲಿ. ಕಿವಿ, ತಲೆ, ಬೆರಳು ಮೂರೂ ಒಟ್ಟಿಗೆ ಕೆಲ್ಸ ಮಾಡುತ್ತೆ.

ಕೋಡ್_ಕೋರಮಂಗಲ

ಎಲ್ರದ್ದೂ ಓದಿ ತುಂಬಾ ಖುಷಿ ಆಯ್ತು. ಆದ್ರೆ ನಾನು ಸ್ವಲ್ಪ ಬೇರೆ ಮಾತು ಹೇಳ್ತೀನಿ, ಮಗು ಒಳ್ಳೇದಕ್ಕೇ. ಅವಳು ಮುಂದೆ ಜೀವನಪೂರ್ತಿ ಉಪಯೋಗಿಸೋದು ಲ್ಯಾಪ್‌ಟಾಪು. ಲ್ಯಾಪ್‌ಟಾಪ್ ಕೀ ಒಂದೆರಡು ಮಿಲಿಮೀಟರ್ ಇಳಿದ್ರೆ ಸಾಕು, ಟೈಪ್‌ರೈಟರಲ್ಲಿ ಅದಕ್ಕಿಂತ ಎಷ್ಟೋ ಆಳ ಒತ್ತಬೇಕು, ಬೆರಳು ಮೇಲೆತ್ತಿ ಹೊಡೀಬೇಕು. ಆ ಅಭ್ಯಾಸ ಆಗ್ಬಿಟ್ರೆ ಆಮೇಲೆ ಲ್ಯಾಪ್‌ಟಾಪ್ ಮೇಲೂ ಹಾಗೇ ಕುಟ್ಟಿ ಮಣಿಕಟ್ಟು ನೋವು ಬರಲ್ವಾ? ನನ್ನ ಟೀಮಲ್ಲಿ ಮಣಿಕಟ್ಟಿಗೆ ಬ್ಯಾಂಡ್ ಹಾಕ್ಕೊಂಡು ಕೆಲ್ಸ ಮಾಡೋರು ಇದಾರೆ, ಅದನ್ನ ನೋಡಿ ಹೇಳ್ತಿದೀನಿ. ಕೀಬೋರ್ಡ್ ಜೋಡಣೆ ಎರಡ್ರಲ್ಲೂ ಒಂದೇ ಅಲ್ವಾ, ಲ್ಯಾಪ್‌ಟಾಪಲ್ಲೇ ಕಲಿಸಿ, ಎಫ್ ಮತ್ತೆ ಜೆ ಮೇಲೆ ಉಬ್ಬು ಗೆರೆ ಇರುತ್ತೆ, ನೋಡ್ದೇನೇ ಬೆರಳು ಜಾಗ ಹಿಡ್ಕೊಳ್ಳುತ್ತೆ. ಜೊತೆಗೆ ಕನ್ನಡನೂ ಕಲೀಬಹುದು. ಟೈಪ್‌ರೈಟರ್ ಅವಳ ಖುಷಿಗೆ ಇರ್ಲಿ.

ಸ್ಟೆನೋ_ಅಕ್ಕ

ಕೋಡ್ ಅವ್ರೇ, ಮಣಿಕಟ್ಟಿನ ಮಾತು ಒಪ್ತೀನಿ, ಅದಕ್ಕೇ ಮಣಿಕಟ್ಟು ಮೇಜಿನ ಮೇಲೆ ಊರ್ಬೇಡಿ ಅಂತ ನಮಗೆ ಮೊದಲ ದಿನನೇ ಹೇಳೋರು, ಮೊಣಕೈ ಕೀ ಮಟ್ಟಕ್ಕೆ ಬರೋ ಹಾಗೆ ಕುರ್ಚಿ ಎತ್ತರ ಇರ್ಬೇಕು, ಬೆನ್ನು ನೆಟ್ಟಗೆ, ಕಾಲು ನೆಲಕ್ಕೆ. ಇದನ್ನ ಮಾತ್ರ ಲ್ಯಾಪ್‌ಟಾಪ್ ಮುಂದೆ ಯಾರೂ ಹೇಳ್ಕೊಡಲ್ಲ, ಹಾಸಿಗೆ ಮೇಲೆ ಕೂತು ಹೊಡೀತಾರೆ, ನೋವು ಬರೋದು ಅಲ್ಲಿಂದ್ಲೂ ಹೌದು.

ಆದ್ರೆ ಟೈಪ್‌ರೈಟರ್ ಕೊಡೋದನ್ನ ಲ್ಯಾಪ್‌ಟಾಪ್ ಕೊಡಲ್ಲ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಲ್ಯಾಪ್‌ಟಾಪಲ್ಲಿ ಅಳಿಸೋ ಕೀ ಇರೋದ್ರಿಂದ ಬೆರಳಿಗೆ ಎಲ್ಲಿ ತಪ್ತಿದೀನಿ ಅಂತಲೇ ಗೊತ್ತಾಗಲ್ಲ, ಅಳಿಸೋದೂ ಟೈಪಿಂಗಿನ ಭಾಗವೇ ಆಗ್ಬಿಡುತ್ತೆ. ಇಲ್ಲಿ ಹೊಡೆದಿದ್ದು ಹಾಳೆ ಮೇಲೆ ಉಳಿಯುತ್ತೆ, ಸಂಜೆ ಹಾಳೆ ತೆಗೆದು ಪೆನ್ಸಿಲಲ್ಲಿ ಗುರುತು ಹಾಕಿದ್ರೆ ಯಾವ ಬೆರಳಿಗೆ ನಾಳೆ ಪಾಠ ಬೇಕು ಅಂತ ಸಾಲು ಸಾಲೇ ಹೇಳುತ್ತೆ. ಕೀ ನೋಡ್ದೆ ಹೊಡೆಯೋದು ಲೋಕಕ್ಕೆ ಗೊತ್ತಾಗಿದ್ದೂ ಇಂಥ ಮೆಷಿನ್ನಿಂದ್ಲೇ. 1888ರಲ್ಲಿ ಸಿನ್ಸಿನಾಟಿ ಊರಲ್ಲಿ ಒಂದು ಸ್ಪರ್ಧೆ ಆಯ್ತು, ಫ್ರಾಂಕ್ ಮೆಕ್‌ಗರಿನ್ ಅಂತ ಸಾಲ್ಟ್ ಲೇಕ್ ಸಿಟಿಯ ಕೋರ್ಟ್ ಸ್ಟೆನೋಗ್ರಾಫರ್, ಕೀ ಕಡೆ ನೋಡ್ದೆ ಹೊಡೆದು ಗೆದ್ರು, ಎದುರಾಳಿ ನೋಡ್ಕೊಂಡು ಹೊಡೆಯೋರು. ನಮ್ಮ ಕೆಲ್ಸದವ್ರೇ ಗೆದ್ದಿದ್ದು ಅಂತ ನನಗೆ ಅದು ಹೆಮ್ಮೆ.

ಕನ್ನಡಕ್ಕೆ ಮಾತ್ರ ನೀವು ಹೇಳಿದ್ದೇ ಸರಿ, ಅವಳು ನುಡಿ ಅನ್ನೋ ಕನ್ನಡ ಸಾಫ್ಟ್‌ವೇರಲ್ಲೇ ಕಲೀಲಿ. ಕೆ.ಪಿ. ರಾವ್ ಅವರ ಜೋಡಣೆ ಅದು, ಇಂಗ್ಲಿಷ್ ಕೀ ಗೊತ್ತಿದ್ರೆ ಕನ್ನಡ ಅರ್ಧ ಬಂದ ಹಾಗೇ, ಕೆ ಒತ್ತಿದ್ರೆ ಕ, ಶಿಫ್ಟ್ ಜೊತೆ ಒತ್ತಿದ್ರೆ ಖ, ಒತ್ತು ಬೇಕಾದ್ರೆ ಮಧ್ಯೆ ಎಫ್. ಕೋರ್ಟಿಗೆ ಕಂಪ್ಯೂಟರ್ ಬಂದಾಗ ನಾವೆಲ್ಲ ಹಳೇ ಕನ್ನಡ ಕೀಲಿಮಣೆ ಬಿಟ್ಟು ಇದಕ್ಕೆ ಕೈ ತಿರುಗಿಸಿದ್ವಿ. ಅಕ್ಷರದ ಜಾಗ ಹೊಸದು, ಕೂರೋದು, ತಾಳ, ಕಣ್ಣು ಕಾಪಿ ಮೇಲೆ ಇಡೋದು ಎಲ್ಲ ಹಳೇದೇ, ಅದು ಇದ್ದಿದ್ರಿಂದ ಬೇಗ ಬಂತು. ಮೊದ್ಲು ಅಪ್ಪನ ಮೆಷಿನಲ್ಲಿ ಬೆರಳು ಕೂರಲಿ, ಆಮೇಲೆ ಎರಡೂ ನಡೀಲಿ.

ರಿಬ್ಬನ್_ಮಂಜ

ಮೇಡಂ ರಿಬ್ಬನ್ ಸಿಗುತ್ತೆ, ಚಿಂತೆ ಬೇಡ. ಅವೆನ್ಯೂ ರೋಡ್, ಸುಲ್ತಾನ್‌ಪೇಟೆ ಕಡೆ ಸ್ಟೇಷನರಿ ಅಂಗಡಿಗಳಲ್ಲಿ ಕೇಳಿ, ಅಲ್ಲಿ ಇಲ್ಲ ಅಂದ್ರೆ ಕೆ.ಜಿ. ರೋಡಲ್ಲಿ ಕಂದಾಯ ಭವನದ ಹತ್ರ, ಮೇಯೋ ಹಾಲ್ ಕೋರ್ಟ್ ಹತ್ರ ಯಾರಾದ್ರೂ ಹಳೇ ಜಾಬ್ ಟೈಪಿಸ್ಟ್ ಇದ್ರೆ ಅವ್ರನ್ನ ಕೇಳಿ, ಎಲ್ಲಿ ಸಿಗುತ್ತೆ ಅಂತ ಅವ್ರಿಗೆ ಗೊತ್ತಿರುತ್ತೆ. ಆನ್‌ಲೈನಲ್ಲೂ ಬರುತ್ತೆ. ಅಗಲ ಅರ್ಧ ಇಂಚು, ಅಂದ್ರೆ 13 ಮಿಲಿಮೀಟರ್, ಅದನ್ನ ಹೇಳಿ ತಗೊಳ್ಳಿ. ರಿಬ್ಬನ್ ಸುತ್ತಿರೋ ಹಳೇ ಸ್ಪೂಲ್ ಮಾತ್ರ ಬಿಸಾಕ್ಬೇಡಿ, ಹೊಸ ರಿಬ್ಬನ್ ಜೊತೆ ಬರೋ ಪ್ಲಾಸ್ಟಿಕ್ ಸ್ಪೂಲ್ ಕೂರದಿದ್ರೆ ಅದರ ರಿಬ್ಬನ್ ಬಿಚ್ಚಿ ಹಳೇದಕ್ಕೇ ಸುತ್ಕೊಳ್ಳಿ, ಕೈಗೆ ಪ್ಲಾಸ್ಟಿಕ್ ಕವರ್ ಹಾಕ್ಕೊಂಡು. ರಿಬ್ಬನ್ ತುದಿ ಹತ್ರ ಸಣ್ಣ ಪಿತ್ತಾಳೆ ಕಣ್ಣು ಇರುತ್ತೆ, ಅದು ಲಿವರಿಗೆ ತಗುಲಿದ್ರೇನೇ ರಿಬ್ಬನ್ ತಾನಾಗಿ ವಾಪಸ್ ಸುತ್ತೋಕೆ ಶುರು ಮಾಡೋದು, ಅದಿಲ್ಲದ ರಿಬ್ಬನ್ ಆದ್ರೆ ತುದೀಲಿ ಒಂದು ಗಂಟು ಹಾಕಿ.

ನಮ್ಮಪ್ಪ ಕಾಟನ್‌ಪೇಟೇಲಿ ಟೈಪ್‌ರೈಟರ್ ರಿಪೇರಿ ಮಾಡ್ತಿದ್ರು, ಇನ್‌ಸ್ಟಿಟ್ಯೂಟ್‌ಗಳಿಗೆ ತಿಂಗಳ ಸರ್ವೀಸ್‌ಗೆ ಹೋಗೋವಾಗ ಟೂಲ್ಸ್ ಚೀಲ ಹಿಡ್ಕೊಂಡು ನಾನೂ ಹೋಗ್ತಿದ್ದೆ. ಅವ್ರು ಹೇಳ್ತಿದ್ದಿದ್ದು, ಎಣ್ಣೆ ಹಾಕಿ ಕೆಡಿಸಿರೋ ಮೆಷಿನ್ನೇ ಜಾಸ್ತಿ ಅಂತ. ಅಕ್ಷರದ ಕಡ್ಡಿ ಎಲ್ಲ ಬಂದು ಸೇರೋ ಆ ಅರ್ಧಚಂದ್ರದ ಜಾಗ ಇದೆಯಲ್ಲ, ಅಲ್ಲಿಗೆ ಎಣ್ಣೆ ಹಾಕ್ಲೇಬೇಡಿ, ಧೂಳು ಕೂತು ಅಂಟಾಗಿ ಕೀ ಮೇಲೇ ಬರಲ್ಲ. ಅಲ್ಲಿಗೆ ಹಳೇ ಹಲ್ಲುಜ್ಜೋ ಬ್ರಷ್ಷಲ್ಲಿ ಸ್ಪಿರಿಟ್ ಹಾಕಿ ಉಜ್ಜಿ ಒಣಗಿಸಿ. ಕ್ಯಾರೇಜ್ ಓಡೋ ಕಂಬಿ ಮೇಲೆ ಮಾತ್ರ ಒಂದು ಹನಿ ಹೊಲಿಗೆ ಮೆಷಿನ್ ಎಣ್ಣೆ. ಎ, ಇ, ಓ ಅಚ್ಚಿನ ಹೊಟ್ಟೇಲಿ ಇಂಕಿನ ಕೊಳೆ ತುಂಬ್ಕೊಂಡಿರುತ್ತೆ, ಗುಂಡುಸೂಜಿ ತಗೊಂಡು ಮೆತ್ತಗೆ ಬಿಡಿಸಿ. ರಬ್ಬರ್ ರೋಲರ್ ಗಟ್ಟಿಯಾಗಿರುತ್ತೆ ಇಷ್ಟೊತ್ತಿಗೆ, ಫುಲ್‌ಸ್ಟಾಪ್ ಹೊಡೆದ್ರೆ ಹಾಳೇಲಿ ತೂತು ಬೀಳುತ್ತೆ, ಅದಕ್ಕೆ ಯಾವಾಗ್ಲೂ ಎರಡು ಹಾಳೆ ಒಟ್ಟಿಗೆ ಹಾಕಿ, ಸದ್ದೂ ಕಮ್ಮಿ ಆಗುತ್ತೆ.

ಸಿರಿ_ಶ್ರೀನಗರ

ಎಲ್ರಿಗೂ ತುಂಬಾ ತುಂಬಾ ಥ್ಯಾಂಕ್ಸ್. ನಾನು ಓದ್ತಾ ಹೋದೆ, ಮಗಳು ಪಕ್ಕದಲ್ಲೇ ಕೂತು ಕೇಳಿದ್ಲು. ಡಿ ಎಫ್ ಜಿ ಎಚ್ ಸಾಲು ತೋರಿಸ್ದಾಗ ಎದ್ದು ಹೋಗಿ ಲ್ಯಾಪ್‌ಟಾಪಲ್ಲೂ ನೋಡ್ಕೊಂಡು ಬಂದ್ಲು. ನಮ್ಮ ಮೆಷಿನಲ್ಲಿ 1 ಇಲ್ಲ ಸಾರ್, ನೀವು ಹೇಳಿದ್ದು ನಿಜ, ಇಷ್ಟು ದಿನ ನಾನು ಗಮನಿಸೇ ಇರ್ಲಿಲ್ಲ. ಕೋಡ್ ಅವ್ರು ಹೇಳಿದ ಮಣಿಕಟ್ಟಿನ ವಿಷ್ಯ, ಅಕ್ಕ ಹೇಳಿದ ಕುರ್ಚಿ ಎತ್ತರ ಎರಡೂ ತಲೇಲಿಟ್ಕೊಂಡು ಊಟದ ಟೇಬಲ್ಲಿಂದ ಅವಳ ಸ್ಟಡಿ ಟೇಬಲ್‌ಗೆ ಇಳಿಸಿದೀನಿ, ಅದು ತಗ್ಗು.

ರಿಬ್ಬನ್ ಅವೆನ್ಯೂ ರೋಡಲ್ಲೇ ಸಿಕ್ತು, ಕಪ್ಪು ಕೆಂಪು ಎರಡೂ ಇರೋದು. ಹಾಕಿದ್ವಿ, ಅಕ್ಷರ ಚೆನ್ನಾಗಿ ಬೀಳ್ತಿದೆ, ಆದ್ರೆ ಈಗ ಹೊಸ ತೊಂದ್ರೆ, ಎ ಎಸ್ ಡಿ ಎಫ್ ಅಂತ ಹೊಡೆದ್ರೆ ನಾಲ್ಕೂ ಒಂದರ ಮೇಲೊಂದು ಅದೇ ಜಾಗದಲ್ಲಿ ಬೀಳ್ತಿದೆ, ಕ್ಯಾರೇಜ್ ಮುಂದಕ್ಕೇ ಹೋಗ್ತಿಲ್ಲ. ಮೊನ್ನೆವರೆಗೂ ಹೋಗ್ತಿತ್ತು. ಮಂಜ ಅವ್ರೇ ಏನಿರ್ಬಹುದು?

ರಿಬ್ಬನ್_ಮಂಜ

ಮೇಡಂ ಮೊದ್ಲು ಕ್ಯಾರೇಜ್‌ನ ಕೈಲಿ ಹಿಡಿದು ಬಲಗಡೆಗೆ ತಳ್ಳಿ ನೋಡಿ. ಅಲ್ಲಾಡೋದೇ ಇಲ್ಲ ಅಂದ್ರೆ ಲಾಕ್ ಬಿದ್ದಿದೆ, ಪೋರ್ಟಬಲ್ಲಿಗೆ ಕ್ಯಾರೇಜ್ ಲಾಕ್ ಇರುತ್ತೆ, ಟೇಬಲ್ ಬದಲಾಯಿಸೋವಾಗ ತಗುಲಿರುತ್ತೆ, ಪಕ್ಕದಲ್ಲಿ ಸಣ್ಣ ಲಿವರ್ ಹುಡುಕಿ ಬಿಡಿಸಿ. ಆರಾಮಾಗಿ ಸಡಿಲವಾಗಿ ಹೋಗುತ್ತೆ, ಸ್ಪ್ರಿಂಗ್ ಎಳೆಯೋ ಥರ ಏನೂ ಅನ್ನಿಸಲ್ಲ ಅಂದ್ರೆ ಕ್ಯಾರೇಜ್ ಎಳೆಯೋ ದಾರ ಕಿತ್ತೋಗಿದೆ.

ಸಿರಿ_ಶ್ರೀನಗರ

ಸಡಿಲವಾಗಿ ಹೋಗ್ತಿದೆ, ಏನೂ ಎಳೀತಿಲ್ಲ. ಹಿಂದುಗಡೆ ಟಾರ್ಚ್ ಹಾಕಿ ನೋಡಿದೆ, ತುಂಡಾದ ದಾರ ನೇತಾಡ್ತಿದೆ, ಪಕ್ಕದಲ್ಲಿ ಗುಂಡನೆ ಡಬ್ಬಿ ಥರ ಒಂದಿದೆ.

ರಿಬ್ಬನ್_ಮಂಜ

ಹಾಂ ಅದೇ ಮೇಡಂ, ಗಾಬರಿ ಬೇಡ, ದೊಡ್ಡ ರಿಪೇರಿ ಅಲ್ಲ. ಆ ಗುಂಡನೆ ಡಬ್ಬಿ ಒಳಗೆ ಸ್ಪ್ರಿಂಗ್ ಇದೆ, ಕ್ಯಾರೇಜನ್ನ ಒಂದೊಂದು ಅಕ್ಷರ ಎಡಕ್ಕೆ ಎಳೆಯೋದು ಅದೇ. ಮೀನು ಹಿಡಿಯೋ ನೈಲಾನ್ ದಾರ ಗಟ್ಟಿಯಾಗಿರೋದು ತಗೊಳ್ಳಿ, ಹಳೇ ತುಂಡಿನ ಉದ್ದ ಅಳೆದು ಅಷ್ಟೇ ಕತ್ತರಿಸಿ, ಮೊದ್ಲು ಒಂದು ತುದಿ ಡಬ್ಬಿಗೆ ಕಟ್ಟಿ. ಆಮೇಲೆ ಡಬ್ಬಿನ ಸ್ಪ್ರಿಂಗ್ ಬಿಗಿಯಾಗೋ ದಿಕ್ಕಿಗೆ ಮೂರ್ನಾಲ್ಕು ಸುತ್ತು ತಿರುಗಿಸಿ ಹಾಗೇ ಗಟ್ಟಿಯಾಗಿ ಹಿಡ್ಕೊಂಡಿರ್ಬೇಕು, ಬಿಟ್ರೆ ಜೋರಾಗಿ ವಾಪಸ್ ತಿರುಗಿ ಬೆರಳಿಗೆ ಹೊಡೆಯುತ್ತೆ, ಅದಕ್ಕೇ ಈ ಕೆಲ್ಸಕ್ಕೆ ಮಗುನ ಕೂರಿಸ್ಬೇಡಿ, ಮನೇಲಿ ದೊಡ್ಡೋರು ಇನ್ನೊಬ್ರು ಇರ್ಲಿ. ಒಬ್ರು ಡಬ್ಬಿ ಹಿಡೀಲಿ, ಇನ್ನೊಬ್ರು ದಾರದ ಆ ಕಡೆ ತುದಿನ ಕ್ಯಾರೇಜಿನ ಕೊಕ್ಕೆಗೆ ಸಿಗಿಸಿ. ಸ್ಪೇಸ್ ಬಾರ್ ಒತ್ತಿ ನೋಡಿ, ಸಾಲಿನ ಕೊನೆವರೆಗೂ ಎಳೆದ್ರೆ ಸಾಕು, ಅದಕ್ಕಿಂತ ಜಾಸ್ತಿ ಬಿಗಿ ಮಾಡಿದ್ರೆ ಲಿವರ್ ತಳ್ಳೋಕೆ ಮಗುಗೆ ಕೈ ನೋಯುತ್ತೆ. ಕೊಕ್ಕೆ ಎಲ್ಲಿದೆ ಗೊತ್ತಾಗದಿದ್ರೆ ಹಿಂದುಗಡೆಯದ್ದು ಒಂದು ಫೋಟೋ ಹಾಕಿ, ಗುರುತು ಮಾಡಿ ಕಳಿಸ್ತೀನಿ.